ರಾಣಿ ಒಳ್ಳೆಯವಳು, ಕೆಳಗಿನವರು ಕೆಟ್ಟವರು: ಅಜ್ಜಿ ಹೇಳಿದ್ದು ನಿಜವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡುವ ಎರಡು ಬೆಳ್ಳಿ ರೂಪಾಯಿ ಇವೆ. ಎರಡರ ಮೇಲೂ ವಿಕ್ಟೋರಿಯಾ ರಾಣಿಯ ಮುಖ. ಒಂದರಲ್ಲಿ 'ಕ್ವೀನ್' ಅಂತಿದೆ, ಇನ್ನೊಂದರಲ್ಲಿ 'ಎಂಪ್ರೆಸ್' ಅಂತ. ಅವನ್ನು ಹುಣಸೆಹಣ್ಣಿನಲ್ಲಿ ಉಜ್ಜುವಾಗೆಲ್ಲ ನಮ್ಮಜ್ಜಿ "ರಾಣಿ ಒಳ್ಳೇಳು ಕಣೋ, ಕೆಳಗಿದ್ದೋರೇ ಕೆಟ್ಟೋರು" ಅನ್ನುತ್ತಿದ್ದರು. ಅದು ನಿಜವಾ? ಇಷ್ಟು ದೂರದ ಪ್ರಜೆಗಳ ಬಗ್ಗೆ ಆಕೆಗೆ ಏನಾದರೂ ಅನ್ನಿಸುತ್ತಿತ್ತಾ? ನಾಣ್ಯದ ಮೇಲೆ ಎರಡು ಬಿರುದು ಯಾಕೆ?

ಉತ್ತರ: ನಿಮ್ಮಜ್ಜಿ ಒಬ್ಬರೇ ಅಲ್ಲ, ಆ ಕಾಲದಲ್ಲಿ ಅರ್ಧ ದೇಶ ಹಾಗೇ ನಂಬಿತ್ತು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಾಣಿಯ ಮರುಕ ಸುಳ್ಳಲ್ಲ. ಆದರೆ ಅದು ಕಣ್ಣಿಗೆ ಬಿದ್ದವರ ಮೇಲೆ ಹರಿಯುತ್ತಿತ್ತು. ಕಣ್ಣಿಗೆ ಬೀಳದ ಕೋಟಿಗಟ್ಟಲೆ ಜನಕ್ಕೆ ಆಕೆ ನಾಣ್ಯದ ಮೇಲಿನ ಮುಖ ಮಾತ್ರ. ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಬಿರುದಿನ ವಿಷಯ ಸುಲಭ, ಅದನ್ನು ಮುಗಿಸೋಣ. ವಿಕ್ಟೋರಿಯಾ 1837ರ ಜೂನ್ 20ರಂದು, 18ನೇ ವಯಸ್ಸಿಗೆ ಪಟ್ಟಕ್ಕೆ ಬಂದಳು. ಇಲ್ಲಿ ಆಗ ಆಳುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿ. 1840ರಿಂದ ಕಂಪನಿಯ ರೂಪಾಯಿಯ ಮೇಲೆ ಆಕೆಯ ಮುಖ ಬಂತು, 'ಕ್ವೀನ್' ಅಂತ. 1858ರಲ್ಲಿ ಕಂಪನಿಯ ಕೈಯಿಂದ ಆಡಳಿತ ತಪ್ಪಿತು, ರಾಣಿಯ ಹೆಸರಿಗೆ ಬಂತು. 1876ರಲ್ಲಿ ಪಾರ್ಲಿಮೆಂಟು ಬಿರುದಿನ ಕಾಯ್ದೆ ಮಾಡಿತು. 1877ರಿಂದ ನಾಣ್ಯದ ಮೇಲೆ 'ಎಂಪ್ರೆಸ್'. ನಿಮ್ಮ ಮೊದಲ ನಾಣ್ಯದ ಹಿಂದೆ 1862 ಅಂತಿದ್ದರೆ ಅದೇ ವರ್ಷದ್ದು ಅಂದುಕೊಳ್ಳಬೇಡಿ. 1874ರ ತನಕ ಟಂಕಸಾಲೆಗಳು ಅದೇ ಇಸವಿ ಒತ್ತುತ್ತಿದ್ದವು.

ಇನ್ನು ಆಕೆಯ ಕೈಯಲ್ಲಿ ಏನಿತ್ತು? ನಮ್ಮ ಕಡೆ ದೊರೆ ಅಂದರೆ ಅಪ್ಪಣೆ ಕೊಡುವವನು. ಇಂಗ್ಲೆಂಡಿನ ರಾಣಿ ಹಾಗಲ್ಲ. ಕಾನೂನು ಮಾಡುವುದು ಪಾರ್ಲಿಮೆಂಟು, ನಡೆಸುವುದು ಮಂತ್ರಿಗಳು. ಆಕೆ ಕೇಳಬಹುದು, ಗದರಬಹುದು, ಪುಟಗಟ್ಟಲೆ ಕಾಗದ ಬರೆದು ಮಂತ್ರಿಗಳ ತಲೆ ತಿನ್ನಬಹುದು. ಆ ಕೊನೆಯದ್ದನ್ನು ಆಕೆ ಜೀವನಪೂರ್ತಿ ಮಾಡಿದಳು.

ಊರಲ್ಲೇ ಪ್ರಜೆಗಳ ಪ್ರೀತಿ ಒಂದೇ ಸಮ ಇರಲಿಲ್ಲ. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ. ರಾಣಿ ಕರಿ ಬಟ್ಟೆ ಉಟ್ಟು ಒಳಗೆ ಸೇರಿಕೊಂಡಳು. ವರ್ಷ ಎರಡಾಯಿತು, ಮೂರಾಯಿತು, ಹೊರಗೆ ಕಾಣಿಸಿಕೊಳ್ಳಲೇ ಇಲ್ಲ. 1864ರಲ್ಲಿ ಯಾರೋ ಪುಣ್ಯಾತ್ಮ ಬಕಿಂಗ್‌ಹ್ಯಾಮ್ ಅರಮನೆಯ ಕಂಬಿಗೆ ಒಂದು ಚೀಟಿ ಅಂಟಿಸಿದ. ಹಿಂದಿನವರ ವ್ಯಾಪಾರ ಇಳಿದುಹೋದ ಕಾರಣ ಈ ಭವ್ಯ ಕಟ್ಟಡ ಬಾಡಿಗೆಗೆ ಅಥವಾ ಮಾರಾಟಕ್ಕಿದೆ, ಅಂತ! 1870ರ ಹೊತ್ತಿಗೆ ರಾಣಿಯೇ ಬೇಡ ಅನ್ನುವ ಸಂಘಗಳು ಹುಟ್ಟಿಕೊಂಡಿದ್ದವು. 1871ರ ಕೊನೆಗೆ ಹಿರಿಮಗ ಟೈಫಾಯಿಡ್‌ನಿಂದ ಸಾವಿನ ಬಾಗಿಲಿಗೆ ಹೋಗಿ ಬಂದ. ಜನರ ಮನಸ್ಸು ಕರಗಿತು. ಅಲ್ಲಿಂದ ಮುಂದೆ, ಮುದುಕಿಯಾದಷ್ಟೂ ಆಕೆಯ ಮೇಲೆ ಅಕ್ಕರೆ ಹೆಚ್ಚುತ್ತಾ ಹೋಯಿತು. ಐರ್ಲೆಂಡಿನಲ್ಲಿ ಮಾತ್ರ ಕಥೆ ಬೇರೆ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು 10 ಲಕ್ಷ ಜನ ಸತ್ತರು. ರಾಣಿ ತನ್ನ ಕೈಯಿಂದ 2000 ಪೌಂಡ್ ಕೊಟ್ಟಳು. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ. ಆದರೂ ಅಲ್ಲಿ ಆಕೆಗೆ ಉಳಿದ ಹೆಸರು 'ಬರಗಾಲದ ರಾಣಿ'.

ಈಗ ನಮ್ಮ ಕಡೆ ಬರೋಣ. 'ಒಳ್ಳೇ ರಾಣಿ' ಅನ್ನುವ ಮಾತು ಹುಟ್ಟಿದ ದಿನಾಂಕವೇ ಬೇಕು ಅಂದರೆ ನಾನು 1858ರ ನವೆಂಬರ್ 1 ಅನ್ನುತ್ತೇನೆ. ಅವತ್ತು ಅಲಹಾಬಾದಿನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ರಾಣಿಯ ಘೋಷಣೆ ಓದಿದ. ದೇಶದ ಎಷ್ಟೋ ಭಾಷೆಗಳಲ್ಲಿ ಅದನ್ನು ಊರೂರಿಗೆ ಕಳಿಸಿದರು. ಹಿಂದಿನ ವರ್ಷದ ದಂಗೆಯ ರಕ್ತ ಇನ್ನೂ ಒಣಗಿರಲಿಲ್ಲ. ಹಲಗಲಿಯ ಬೇಡರ ಮೇಲೆ ದಾಳಿಯಾಗಿ ವರ್ಷ ಆಗುತ್ತಾ ಬಂದಿತ್ತು. ನರಗುಂದದ ಬಾಬಾಸಾಹೇಬರನ್ನು ಅದೇ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದ್ದರು.

ಈ ಘೋಷಣೆಯಲ್ಲಿ ರಾಣಿಯ ಕೈ ನಿಜಕ್ಕೂ ಇದೆ. ಮಂತ್ರಿಗಳು ಬರೆದ ಕರಡು ಆಕೆಗೆ ಸಿಕ್ಕಾಗ ಜರ್ಮನಿಯಲ್ಲಿ ಮಗಳ ಮನೆಯಲ್ಲಿದ್ದಳು. ಓದಿ ಸಿಟ್ಟಾದಳು. ಇಲ್ಲಿನ ಧರ್ಮಗಳ ಬುಡ ಅಲ್ಲಾಡಿಸುವ ಶಕ್ತಿ ನಮಗಿದೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅದನ್ನು ತೆಗೆಸಿದಳು. ಭೀಕರ ಯುದ್ಧ ಮುಗಿದ ಮೇಲೆ ಒಬ್ಬ ಹೆಣ್ಣು ಅರಸಿ ಹತ್ತು ಕೋಟಿ ಜನರ ಜೊತೆ ಮಾತಾಡುತ್ತಿದ್ದಾಳೆ ಅನ್ನುವುದನ್ನು ನೆನಪಿಟ್ಟುಕೊಂಡು ಬರೆಯಿರಿ ಅಂತ ಪ್ರಧಾನಿ ಡರ್ಬಿಗೆ ಕಾಗದ ಹಾಕಿದಳು. ಹಾಗಾಗಿ ಘೋಷಣೆಯಲ್ಲಿ ಮೂರು ದೊಡ್ಡ ಮಾತು ಬಂದವು. ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ. ಜಾತಿ ಮತ ನೋಡದೆ, ಸಾಧ್ಯವಾದಷ್ಟು ಮಟ್ಟಿಗೆ, ಸರ್ಕಾರಿ ಹುದ್ದೆ ಕೊಡುತ್ತೇವೆ. ಇನ್ನು ಮುಂದೆ ನೆಲ ನುಂಗುವ ಆಸೆ ನಮಗಿಲ್ಲ.

'ಸಾಧ್ಯವಾದಷ್ಟು ಮಟ್ಟಿಗೆ' ಅನ್ನುವುದನ್ನು ಗಮನಿಸಿದಿರಾ? ಆಮೇಲಿನ 50 ವರ್ಷದ ಜಗಳವೆಲ್ಲ ಆ ಸಂದಿಯಲ್ಲೇ ನಡೆಯಿತು.

ಎಲ್ಲರೂ ಮರುಳಾಗಲಿಲ್ಲ. ಅವಧದ ಬೇಗಂ ಹಜರತ್ ಮಹಲ್ ಆಗಿನ್ನೂ ಹೋರಾಡುತ್ತಿದ್ದಳು. ಆಕೆ ಒಂದು ಎದುರು ಘೋಷಣೆಯನ್ನೇ ಹೊರಡಿಸಿದಳು. ಕಂಪನಿ ಕೊಟ್ಟು ಮುರಿದ ಮಾತುಗಳನ್ನೆಲ್ಲ ಒಂದೊಂದಾಗಿ ಎಣಿಸಿದಳು. ಟಿಪ್ಪು ಸುಲ್ತಾನನಿಗೆ ಮಾಡಿದ ಮೋಸ ಎಲ್ಲರಿಗೂ ಗೊತ್ತಿರುವುದೇ ಅಂದಳು. ರಸ್ತೆ ಹಾಕುವುದು, ಕಾಲುವೆ ತೋಡುವುದು ಬಿಟ್ಟು ಹಿಂದೂಸ್ತಾನದವರಿಗೆ ಬೇರೆ ಒಳ್ಳೆ ಕೆಲಸವನ್ನೇ ಹೇಳಿಲ್ಲವಲ್ಲ, ಇದು ಅರ್ಥವಾಗದವರಿಗೆ ಇನ್ನೇನು ಹೇಳುವುದು ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ರಾಣಿಯ ಘೋಷಣೆಯನ್ನು ಇಷ್ಟು ಹರಿತವಾಗಿ ಓದಿದವರು ಆಗ ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ.

ಮೈಸೂರಿಗೆ ಮಾತ್ರ ಆ ಘೋಷಣೆ ಕೆಲಸಕ್ಕೆ ಬಂತು. 1831ರಲ್ಲೇ ರಾಜ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿತ್ತು. ಅವರಿಗೆ ಸ್ವಂತ ಗಂಡುಮಗ ಇರಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತನ್ನು ಒಪ್ಪದೆ ರಾಜ್ಯ ನುಂಗಬೇಕು ಅನ್ನುವವರು ಕಲ್ಕತ್ತೆಯಲ್ಲಿ ಬಹಳ ಜನ ಇದ್ದರು. ನೆಲದ ಆಸೆ ಇಲ್ಲ ಅಂತ ರಾಣಿಯೇ ಹೇಳಿಲ್ಲವಾ ಅಂತ ಲಂಡನ್‌ನಲ್ಲಿ ಮೈಸೂರಿನ ಪರ ವಾದಿಸಿದವರು ಪಟ್ಟು ಹಿಡಿದರು. 1867ರಲ್ಲಿ ಮೈಸೂರನ್ನು ಉಳಿಸುವ ತೀರ್ಮಾನ ಆಯಿತು. ರಾಜ್ಯ ಕೈಗೆ ಬಂದದ್ದು 1881ರ ಮಾರ್ಚ್ 25ಕ್ಕೆ. ಮುಮ್ಮಡಿಯವರು ಅಷ್ಟರಲ್ಲಿ ತೀರಿಕೊಂಡು 13 ವರ್ಷ ಆಗಿತ್ತು.

ಕಣ್ಣಿಗೆ ಬಿದ್ದವರು ಅಂದೆನಲ್ಲ, ಅದಕ್ಕೆ ನಮ್ಮ ಕೊಡಗಿನದೇ ಉದಾಹರಣೆ ಇದೆ.

1834ರಲ್ಲಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಸಾಗಿಸಿತು. ಮಗಳು ಗೌರಮ್ಮ ಹುಟ್ಟಿದ್ದು ಈ ಗಡೀಪಾರಿನಲ್ಲೇ, 1841ರಲ್ಲಿ. 1852ರಲ್ಲಿ ಅರಸ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅವನ ಲೆಕ್ಕ ಬೇರೆ ಇತ್ತು. ಕಂಪನಿ ಹಿಡಿದಿಟ್ಟ ತನ್ನ ದುಡ್ಡಿಗೆ ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡಬೇಕು. ಮಗಳನ್ನು ರಾಣಿಯ ಮಡಿಲಿಗೆ ಹಾಕಿದರೆ ದಾರಿ ಸುಲಭ ಆಗಬಹುದು. ರಾಣಿಗೆ ಹುಡುಗಿ ಇಷ್ಟವಾದಳು. ಕ್ರೈಸ್ತ ದೀಕ್ಷೆ ಕೊಡಿಸುವಾಗ ತಾನೇ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೇ ಕೊಟ್ಟಳು. ದೀಕ್ಷೆ ಕೊಟ್ಟದ್ದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. 11 ವರ್ಷದ ಗೌರಮ್ಮ ಅವತ್ತಿನಿಂದ ವಿಕ್ಟೋರಿಯಾ ಗೌರಮ್ಮ.

ರಾಣಿ ತನ್ನ ಚಿತ್ರಗಾರ ವಿಂಟರ್‌ಹಾಲ್ಟರ್‌ನಿಂದ ಅವಳ ಚಿತ್ರ ಬರೆಸಿದಳು. ಮಾರೊಕೆಟ್ಟಿ ಅನ್ನುವ ಶಿಲ್ಪಿಯಿಂದ ಅಮೃತಶಿಲೆಯಲ್ಲಿ ಮುಖ ಕೆತ್ತಿಸಿ ಬಣ್ಣ ಹಚ್ಚಿಸಿದಳು. ಪಂಜಾಬಿನ ಪದಚ್ಯುತ ರಾಜಕುಮಾರ ದುಲೀಪ್ ಸಿಂಗ್‌ನೂ ಆಗ ಇಂಗ್ಲೆಂಡಿಗೆ ಬಂದಿದ್ದ. ಇಬ್ಬರಿಗೂ ಮದುವೆ ಮಾಡಿಸಿದರೆ ಎಷ್ಟು ಚೆಂದ ಅಂತ ರಾಣಿಗೆ ಆಸೆ. ಅವರಿಬ್ಬರಿಗೆ ಆ ಆಸೆ ಇರಲಿಲ್ಲ.

ಪ್ರೀತಿ ಇತ್ತಾ? ಖಂಡಿತ ಇತ್ತು. ಆದರೆ ಅರಸನ ದುಡ್ಡು? ಆ ಮಾತಿಗೆ ಅರಮನೆಯ ಬಾಗಿಲು ತೆರೆಯಲಿಲ್ಲ. 1859ರಲ್ಲಿ ಅವನು ಲಂಡನ್‌ನಲ್ಲೇ ತೀರಿಕೊಂಡ. ದಾವೆಯೂ ಬಿದ್ದುಹೋಯಿತು. ಗೌರಮ್ಮ 1860ರಲ್ಲಿ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಒಬ್ಬನನ್ನು ಮದುವೆಯಾದಳು. ಒಂದು ಹೆಣ್ಣು ಮಗುವಾಯಿತು. 1864ರಲ್ಲಿ ಕ್ಷಯ ಬಂದು ಹೋದಳು. ಆಗ ಅವಳಿಗೆ 22 ವರ್ಷ. ಸಮಾಧಿ ಲಂಡನ್‌ನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಹುಟ್ಟಿದ್ದು ಗಡೀಪಾರಿನಲ್ಲಿ, ಮಣ್ಣಾಗಿದ್ದು ಲಂಡನ್ನಿನಲ್ಲಿ. ಕೊಡಗಿನ ಅರಸುಮಗಳು ಕೊಡಗಿಗೆ ಸೇರಲೇ ಇಲ್ಲ.

ಇನ್ನೊಬ್ಬ ಅಬ್ದುಲ್ ಕರೀಮ್. ಇವನ ಕಥೆ ಈಗ ಎಲ್ಲರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 1887ರಲ್ಲಿ ಪಟ್ಟದ 50ನೇ ವರ್ಷದ ಹಬ್ಬಕ್ಕೆ ಆಗ್ರಾದಿಂದ ಊಟ ಬಡಿಸಲು ಬಂದ 24ರ ಹುಡುಗ. ಬೇಗನೇ ರಾಣಿಯ 'ಮುನ್ಷಿ' ಆದ. 68ರ ಮುದುಕಿ ಅವನ ಹತ್ತಿರ ಉರ್ದು ಅಕ್ಷರ ತಿದ್ದಿದಳು. 13 ಪುಸ್ತಕ ತುಂಬುವಷ್ಟು ಬರೆದಳು. ಅರಮನೆಯವರು ಹೊಟ್ಟೆಕಿಚ್ಚಿಗೆ ಬೆಂದುಹೋದರು. ಇದು ನಿಮ್ಮ ಚರ್ಮದ ಗರ್ವ ಅಂತ ರಾಣಿ ಅವರನ್ನೇ ಬೈದಳು. ಕರೀಮನಿಗೆ ಆಗ್ರಾದಲ್ಲಿ ಜಮೀನು ಕೊಡಿಸಬೇಕು ಅಂತ ವೈಸರಾಯ್‌ಗೆ ಕಾಗದದ ಮೇಲೆ ಕಾಗದ ಬರೆದಳು, ಕೊಡಿಸಿಯೂ ಬಿಟ್ಟಳು. ನನಗೆ ಇಲ್ಲೇ ಕಿರಿಕಿರಿ ಆಗುವುದು. ಒಬ್ಬ ಮನುಷ್ಯನ ಹೊಲಕ್ಕಾಗಿ ವೈಸರಾಯ್‌ನನ್ನು ಓಡಾಡಿಸುವಷ್ಟು ಬಲ ಆಕೆಗಿತ್ತು ಅಂತಾಯಿತಲ್ಲ! ಆಕೆ ಸತ್ತ ಮೇಲೆ ಮಗ ಏಳನೇ ಎಡ್ವರ್ಡ್ ಆ ಕಾಗದಪತ್ರ ಸುಡಿಸಿ, ಕರೀಮನನ್ನು ಊರಿಗೆ ಅಟ್ಟಿದ.

ಈಗ ನಿಮ್ಮ ಎರಡನೇ ನಾಣ್ಯದ ಕಾಲ. 1877ರ ಜನವರಿ 1. ದೆಹಲಿಯಲ್ಲಿ ವೈಸರಾಯ್ ಲಿಟನ್ ಭಾರಿ ದರ್ಬಾರು ನಡೆಸಿ ರಾಣಿಯನ್ನು ಚಕ್ರವರ್ತಿನಿ ಅಂತ ಸಾರಿದ. 'ಕೈಸರ್-ಎ-ಹಿಂದ್'. 13 ವರ್ಷದ ನಮ್ಮ ಚಾಮರಾಜೇಂದ್ರ ಒಡೆಯರೂ ಆ ಸಭೆಯಲ್ಲಿದ್ದರು. ಅದೇ ರಾತ್ರಿ ವಿಂಡ್ಸರ್‌ನಲ್ಲಿ ಔತಣ. ಸಾಮಾನ್ಯವಾಗಿ ಕರಿ ಬಟ್ಟೆಯಲ್ಲೇ ಇರುತ್ತಿದ್ದ ರಾಣಿ ಅವತ್ತು ನಮ್ಮ ರಾಜರು ಕಳಿಸಿದ ಒಡವೆಗಳನ್ನು ಮೈತುಂಬ ಹೇರಿಕೊಂಡು ಬಂದಳು.

ಇಲ್ಲಿ ಆಗ ಧಾತು ಸಂವತ್ಸರ. ಮುಂದಿನದು ಈಶ್ವರ. ಹಳೇ ಮೈಸೂರಿನ ಕಡೆ 'ಧಾತು ಈಶ್ವರ ಬರ' ಅನ್ನುವ ಮಾತು ಕೇಳಿರುತ್ತೀರಿ, ಅಲ್ವಾ? ಅದೇ ಇದು. ಮಳೆ ಹೋಗಿತ್ತು, ರಾಗಿ ಒಣಗಿತ್ತು, ದನ ಸತ್ತಿದ್ದವು. ಮೈಸೂರು ಆಗ ನೇರ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಆದ್ದರಿಂದ ರಾಜರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ದರ್ಬಾರು ಮುಗಿದದ್ದೇ ತಡ, ಲಿಟನ್ ದಕ್ಷಿಣಕ್ಕೆ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ, ಖರ್ಚು ಹಿಡಿಯಲಿಕ್ಕೆ. ಟೆಂಪಲ್ ಲೆಕ್ಕ ಹಾಕಿದ: ಕಲ್ಲು ಒಡೆಯುವ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಸಾಕು. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಮ್ಮಿ. ಅಷ್ಟು ತಿಂದು ಇಡೀ ದಿನ ಸುತ್ತಿಗೆ ಎತ್ತಬೇಕು.

ಜನಗಣತಿಯ ಪುಸ್ತಕದಲ್ಲಿ ಎರಡು ಅಂಕಿ ಇವೆ. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಏರಬೇಕಾದ ಅಂಕಿ ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ಇಳಿದಿದೆ. ನಾನು ಪಾಠ ಮಾಡುವಾಗ ಈ ಎರಡು ಅಂಕಿ ಬೋರ್ಡಿನ ಮೇಲೆ ಬರೆದು ಸುಮ್ನೆ ನಿಲ್ಲುತ್ತೇನೆ. ಕಳೆದುನೋಡುವ ಕೆಲಸ ಮಕ್ಕಳೇ ಮಾಡುತ್ತಾರೆ.

ಹಾಗಿದ್ದೂ ಜನ ರಾಣಿಯನ್ನು ಯಾಕೆ ಬೈಯಲಿಲ್ಲ? ನಮ್ಮಲ್ಲಿ ಹಳೇ ರೂಢಿ ಒಂದಿದೆ. ಅಮಲ್ದಾರ ಹಿಂಸೆ ಕೊಟ್ಟರೆ ದೊರೆಗೆ ಅರಿಕೆ ಮಾಡಿಕೊಳ್ಳುವುದು. ದೊರೆಗೆ ಗೊತ್ತಿಲ್ಲ, ಗೊತ್ತಾದರೆ ಸರಿಮಾಡುತ್ತಾನೆ ಅನ್ನುವ ನಂಬಿಕೆ. ಆ ಜಾಗದಲ್ಲಿ ಈಗ ಒಬ್ಬ ಹೆಂಗಸು ಕೂತಿದ್ದಳು. ವಿಧವೆ, ಒಂಬತ್ತು ಮಕ್ಕಳ ತಾಯಿ. ತಾಯಿ ಅಂತ ಕರೆಯಲು ಇನ್ನೇನು ಬೇಕು? ಸರ್ಕಾರಕ್ಕೂ ಅದು ಒಳ್ಳೇದೇ ಆಯಿತು. ಬೈಗುಳ ಎಲ್ಲ ಕೆಳಗಿನವರಿಗೆ, ಹರಕೆ ಮಾತ್ರ ಮೇಲಕ್ಕೆ.

ಅರಿಕೆ ಮುಟ್ಟಿದ್ದೂ ಉಂಟು. 1881ರಲ್ಲಿ ಪನ್ನಾ ರಾಜ್ಯದ ಮಹಾರಾಣಿ ತನ್ನನ್ನು ವಾಸಿ ಮಾಡಿದ ಇಂಗ್ಲಿಷ್ ಡಾಕ್ಟರಮ್ಮನ ಕೈಯಲ್ಲಿ ರಾಣಿಗೆ ಒಂದು ಸಂದೇಶ ಕಳಿಸಿದಳು. ಇಲ್ಲಿ ಹೆಂಗಸರು ಕಾಯಿಲೆ ಬಂದರೆ ಡಾಕ್ಟರಿಲ್ಲದೆ ಸಾಯುತ್ತಿದ್ದಾರೆ ಅಂತ. ಚಿಕ್ಕ ಅಕ್ಷರದಲ್ಲಿ ಬರೆಯಿರಿ, ಪದಕದ ಒಳಗೆ ಮಡಚಿಡಬೇಕು, ಅದನ್ನು ಕೊರಳಲ್ಲಿ ಹಾಕಿಕೊಂಡೇ ಹೋಗಿ ಕೊಡಿ ಅಂದಳಂತೆ. ರಾಣಿ ಅದನ್ನು ಮರೆಯಲಿಲ್ಲ. ವೈಸರಾಯ್‌ನ ಹೆಂಡತಿ ಲೇಡಿ ಡಫರಿನ್ ಇಲ್ಲಿಗೆ ಹೊರಟಾಗ ಈ ಕೆಲಸ ವಹಿಸಿದಳು. 1885ರಲ್ಲಿ ಡಫರಿನ್ ನಿಧಿ ಹುಟ್ಟಿತು. ಹೆಣ್ಣು ಡಾಕ್ಟರುಗಳು, ನರ್ಸುಗಳು, ಹೆರಿಗೆ ಆಸ್ಪತ್ರೆಗಳು ಬಂದವು. ಆದರೆ ಅದು ಚಂದಾ ಎತ್ತಿ ನಡೆಸಿದ ಕೆಲಸ. ಬೊಕ್ಕಸದ ಬೀಗಕ್ಕೆ ಕೈ ಹೋಗಲಿಲ್ಲ.

ಮುಟ್ಟದೇ ಇದ್ದದ್ದೇ ಜಾಸ್ತಿ. ಮುಂಬೈನ ರುಖ್ಮಾಬಾಯಿ ಬಾಲ್ಯದಲ್ಲಿ ಕಟ್ಟಿದ ಗಂಡನ ಜೊತೆ ಬಾಳುವುದಿಲ್ಲ ಅಂತ ಹಟ ಹಿಡಿದಳು. ಹೋಗು, ಇಲ್ಲವಾದರೆ ಜೈಲು ಅಂದಿತು ಕೋರ್ಟು. 1887ರಲ್ಲಿ ಆಕೆ ಲಂಡನ್‌ನ ಟೈಮ್ಸ್ ಪತ್ರಿಕೆಗೆ ಬರೆದ ಕಾಗದದಲ್ಲಿ, ಈ ಹಬ್ಬದ ವರ್ಷದಲ್ಲಾದರೂ ತಾಯಿ ತನ್ನ ಹಿಂದೂಸ್ತಾನದ ಹೆಣ್ಣುಮಕ್ಕಳ ಮೊರೆ ಕೇಳಬಾರದೇ ಅಂದಳು. ಆ ಮದುವೆಯನ್ನು ರಾಣಿಯೇ ರದ್ದು ಮಾಡಿಸಿದಳು ಅಂತ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡುತ್ತಿದೆ. ಸುಳ್ಳು. 1888ರಲ್ಲಿ ದುಡ್ಡು ಕೊಟ್ಟು ರಾಜಿ ಮಾಡಿಕೊಂಡದ್ದು. ರುಖ್ಮಾಬಾಯಿ ಆಮೇಲೆ ಲಂಡನ್‌ಗೆ ಹೋಗಿ ಓದಿ ಡಾಕ್ಟರಾದಳು, ತನ್ನ ಛಲದಿಂದ.

ನ್ಯೂಜಿಲೆಂಡಿನ ಮಾವೊರಿಗಳದ್ದೂ ಇದೇ ಪಾಡು. 1840ರ ವೈಟಾಂಗಿ ಒಪ್ಪಂದ ಮಾಡಿಕೊಂಡದ್ದು ರಾಣಿಯ ಹೆಸರಲ್ಲಿ. ನೆಲ ಹೋಗುತ್ತಾ ಬಂದಾಗ ಅವರ ಅರಸ ತಾವ್ಹಿಯಾವೊ 1884ರಲ್ಲಿ ಸಮುದ್ರ ದಾಟಿ ಲಂಡನ್‌ಗೇ ಬಂದ. ಒಪ್ಪಂದ ರಾಣಿಯ ಜೊತೆ, ಮಾತೂ ರಾಣಿಯ ಜೊತೆಗೇ ಅಂದ. ದರ್ಶನ ಸಿಗಲಿಲ್ಲ. ಇದು ನಿಮ್ಮ ಊರಿನ ಸರ್ಕಾರದ ವಿಷಯ ಅಂತ ಮಂತ್ರಿ ವಾಪಸು ಕಳಿಸಿದ.

ಒಂದೇ ದಿನ ಮೂರು ಊರಲ್ಲಿ ನಡೆದದ್ದನ್ನು ಹೇಳುತ್ತೇನೆ. 1897ರ ಜೂನ್ 22, ಪಟ್ಟದ 60ನೇ ವರ್ಷದ ಹಬ್ಬ. ಲಂಡನ್‌ನಲ್ಲಿ ರಾಣಿ ಒಂದು ಗುಂಡಿ ಒತ್ತಿದಳು. 'ನನ್ನ ಪ್ರೀತಿಯ ಪ್ರಜೆಗಳಿಗೆ ಮನಸಾರೆ ಧನ್ಯವಾದ, ದೇವರು ಅವರನ್ನು ಹರಸಲಿ' ಅನ್ನುವ ತಂತಿ ಸಾಮ್ರಾಜ್ಯಕ್ಕೆಲ್ಲ ಹೋಯಿತು. ಅವತ್ತೇ ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಅವತ್ತೇ ರಾತ್ರಿ ಪುಣೆಯಲ್ಲಿ ಗವರ್ನರ್ ಬಂಗಲೆಯ ಹಬ್ಬ ಮುಗಿಸಿ ಗಾಡಿಯಲ್ಲಿ ಬರುತ್ತಿದ್ದ ರ‍್ಯಾಂಡ್ ಅನ್ನುವ ಅಧಿಕಾರಿಗೆ ಚಾಫೇಕರ್ ಸಹೋದರರು ಗುಂಡು ಹೊಡೆದರು. ಪ್ಲೇಗ್ ಹೆಸರಲ್ಲಿ ಮನೆ ನುಗ್ಗಿ ಹೆಂಗಸರ ಮಾನ ಕಳೆದ ಅನ್ನುವುದು ಅವರ ಸಿಟ್ಟು. ಮುಂಬೈಯ ವಿಕ್ಟೋರಿಯಾ ಪ್ರತಿಮೆಗೆ ಟಾರು ಬಳಿದು ಚಪ್ಪಲಿ ಹಾರ ಹಾಕಿದ್ದೂ ತಾವೇ ಅಂತ ದಾಮೋದರ ಚಾಫೇಕರ್ ಹೇಳಿಕೊಂಡ. ರಾಣಿ ಬೇರೆ, ಕೆಳಗಿನವರು ಬೇರೆ ಅನ್ನುವ ಲೆಕ್ಕವನ್ನು ಅವರು ಒಪ್ಪಲಿಲ್ಲ.

ರಾಣಿಯ ಮನಸ್ಸು ನನಗೆ ಅತಿ ಚೆನ್ನಾಗಿ ಕಾಣಿಸುವುದು 1898ರ ಒಂದು ಕಾಗದದಲ್ಲಿ. ಕರ್ಜನ್ ವೈಸರಾಯ್ ಆಗಿ ಹೊರಡುವ ಮುಂಚೆ ಪ್ರಧಾನಿ ಸಾಲ್ಸ್‌ಬರಿಗೆ ಬರೆದದ್ದು. ನಮ್ಮ ಅಧಿಕಾರಿಗಳು ಅಲ್ಲಿ ಒರಟರು, ಸೊಕ್ಕಿನವರು. ವೈಸರಾಯ್ ಅವರ ಮಾತು ಕಟ್ಟಿಕೊಳ್ಳದೆ ಜನರ ಮನಸ್ಸು ತಾನೇ ಕೇಳಿ ತಿಳಿಯಬೇಕು. ಜನರನ್ನು ತುಳಿಯಬಾರದು, ನೀವು ಸೋತವರು ಅಂತ ದಿನಾ ಚುಚ್ಚಬಾರದು. ಇಲ್ಲಿಯ ತನಕ ನಿಮ್ಮಜ್ಜಿಯದೇ ಮಾತು. ಮುಂದಿನ ಸಾಲು ನೋಡಿ: ನಾವು ಯಜಮಾನರು ಅನ್ನುವುದು ಅವರಿಗೆ ಗೊತ್ತಿರಲೇಬೇಕು, ಅದನ್ನು ನೋಯಿಸದ ಹಾಗೆ, ಮೆತ್ತಗೆ ತಿಳಿಸಬೇಕು. ಯಜಮಾನಿಕೆ ಬಿಡುವ ಮಾತೇ ಆಕೆಯ ತಲೆಯಲ್ಲಿರಲಿಲ್ಲ.

1901ರ ಜನವರಿ 22ಕ್ಕೆ ಸತ್ತಳು. ಪಟ್ಟದಲ್ಲಿದ್ದದ್ದು 63 ವರ್ಷ, 7 ತಿಂಗಳು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಿಳಿ ಪ್ರತಿಮೆ ಆಮೇಲಿನದು, 1906ರದ್ದು. ತೆರೆ ಎಳೆದವನು ಆಕೆಯ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು.

ಇನ್ನು ನಿಮ್ಮ ನಾಣ್ಯಗಳು. ಎರಡೂ ಸರಿಯಾಗಿ ಒಂದೊಂದು ತೊಲ ತೂಗಬೇಕು, 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹುಣಸೆಹಣ್ಣು ಹಾಕಬೇಡಿ, ಅಕ್ಷರ ಸವೆಯುತ್ತದೆ. 'ಎಂಪ್ರೆಸ್' ಅಂತಿರುವುದನ್ನು ತಿರುಗಿಸಿ ಇಸವಿ ನೋಡಿ. 1877 ಅಥವಾ 1878 ಇದ್ದರೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಳ್ಳಿ. ಆ ಬರದಲ್ಲಿ ಜನ ಕಾಳಿಗಾಗಿ ಕಾಲ್ಗಡಗ, ಡಾಬು, ಕಡಗ ಎಲ್ಲ ಮಾರಿದರು. ಅಂಥ ಬೆಳ್ಳಿ ರಾಶಿ ರಾಶಿಯಾಗಿ ಮುಂಬೈ ಟಂಕಸಾಲೆಗೆ ಬಂದು, ಕರಗಿ, ರೂಪಾಯಿ ಆಗಿ ಹೊರಗೆ ಹೋಯಿತು.